ಮೂರು ತಂತಿ, ಒಂದು ಕಂಡೆನ್ಸರ್

ಏಪ್ರಿಲ್ ತಿಂಗಳ ಸಂಜೆ, ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ, ಬೊಮ್ಮನಹಳ್ಳಿಯ ಒಳರಸ್ತೆಗಳಲ್ಲಿರುವ ಮೋಟಾರ್ ರಿವೈಂಡಿಂಗ್ ಅಂಗಡಿಗಳ ಮುಂದೆ ಫ್ಯಾನುಗಳು ಸಾಲಾಗಿ ಕೂತಿರುತ್ತವೆ. ರೆಕ್ಕೆ ಕಳಚಿದ, ಧೂಳು ಮೆತ್ತಿದ, ಸ್ಕೂಟರಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು ತಂದ ಫ್ಯಾನುಗಳು. ತಂದವರ ದೂರು ಬಹುಪಾಲು ಒಂದೇ.

"ಅಣ್ಣಾ, ಸ್ವಿಚ್ ಹಾಕಿದ್ರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಕೋಲಲ್ಲಿ ರೆಕ್ಕೆ ತಳ್ಳಿದ್ರೆ ಆಮೇಲೆ ತಿರುಗುತ್ತೆ."

"ಯಾವ ಕಡೆ ತಳ್ಳಿದ್ರೆ ತಿರುಗುತ್ತೆ ಅಕ್ಕಾ?"

"ಯಾವ ಕಡೆ ತಳ್ಳಿದ್ರೂ ಆ ಕಡೆಗೇ."

ಅಲ್ಲಿಗೆ ಅರ್ಧ ಪರೀಕ್ಷೆ ಮುಗಿಯಿತು. ಫ್ಯಾನನ್ನು ಬಿಚ್ಚುವ ಮೊದಲೇ ಮೆಕ್ಯಾನಿಕ್‌ನ ಕೈ ಕಂಡೆನ್ಸರಿನ ಡಬ್ಬಿಯತ್ತ ಹೋಗುತ್ತದೆ. ಕೆಪಾಸಿಟರ್ ಎಂಬ ಹೆಸರು ಪುಸ್ತಕದಲ್ಲಿ, ಅಂಗಡಿಯಲ್ಲಿ ಅದು ಇಂದಿಗೂ ಕಂಡೆನ್ಸರ್. ಯಾವ ಕಡೆ ತಳ್ಳಿದರೂ ಆ ಕಡೆಗೇ ತಿರುಗುತ್ತದೆ ಎಂಬ ಮಾತಿನಲ್ಲಿ ಸಿಂಗಲ್ ಫೇಸ್ ಮೋಟಾರಿನ ಕಷ್ಟವೆಲ್ಲ ಅಡಗಿದೆ. ಫ್ಯಾನಿನ ಹೊಟ್ಟೆಯಿಂದ ಹೊರಬರುವ ಮೂರು ತಂತಿಗಳಲ್ಲಿ ಯಾವುದು ಎಲ್ಲಿಗೆ ಹೋಗಬೇಕು, ಕಂಡೆನ್ಸರ್ ಎಷ್ಟರದ್ದಿರಬೇಕು, ಅದೇಕೆ ಸೋಲುತ್ತದೆ, ಇನ್ನು ಎಷ್ಟು ಕಾಲ ಅದರ ಅಗತ್ಯವಿದೆ? ಮನೆಮನೆಯ ಸೂರಿನಡಿ ತೂಗುವ ಈ ಯಂತ್ರದ ಬಗ್ಗೆ ಇಷ್ಟು ಸರಳ ಪ್ರಶ್ನೆ ಕೇಳಿದರೂ ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ.

ಬೆಂಗಳೂರಿಗೆ ಫ್ಯಾನೇ ಬೇಡ ಎನ್ನುವ ಕಾಲವೊಂದಿತ್ತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟ್ 5ರಂದು ಬೆಂಗಳೂರಿನ ಮಾರುಕಟ್ಟೆಯ ಬಳಿ ಬೀದಿದೀಪವಾಗಿ ಹೊತ್ತಿತು. ಆದರೆ ತಂಪು ಊರಿನ ಹಳೆಯ ಮನೆಗಳಲ್ಲಿ ದೀಪಕ್ಕೆ ತಂತಿ ಎಳೆದವರು ಫ್ಯಾನಿಗೆಂದು ಹುಕ್ ಬಿಡುವ ಗೋಜಿಗೇ ಹೋಗದಿದ್ದುದುಂಟು. ಈಗಿನ ಬೊಮ್ಮನಹಳ್ಳಿಯಲ್ಲಿ ಹಾಗೆ ಹೇಳಿದರೆ ಯಾರೂ ನಂಬಲಾರರು. 2007ರಲ್ಲಿ ಬಿಬಿಎಂಪಿಯೊಳಗೆ ಸೇರುವವರೆಗೂ ಇದು ಪ್ರತ್ಯೇಕ ನಗರಸಭೆ. ಹೊಸೂರು ರಸ್ತೆಯ ಇಕ್ಕೆಲದ ಸಿದ್ಧ ಉಡುಪು ಕಾರ್ಖಾನೆಗಳಿಗೆ ದುಡಿಯಲು ಬಂದವರು ಹೊಂಗಸಂದ್ರ, ಬೇಗೂರು ರಸ್ತೆಯ ಕಡೆಯ ಒಂದೊಂದೇ ಕೋಣೆಯ ವಠಾರಗಳಲ್ಲಿ ನೆಲೆಸಿದರು. ಹಲವು ಕೋಣೆಗಳಿಗೆ ತಲೆಯ ಮೇಲೆ ಶೀಟು, ಕಿಟಕಿ ಒಂದೇ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ನಿಯಮದ ಬದಲಾವಣೆಯ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಈ ರಸ್ತೆಗಿಳಿದರು. ಅದೇ ತಿಂಗಳ 24ರಂದು ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. ಅಂಥ ಕೋಣೆಯಲ್ಲಿ ಅಂಥ ರಾತ್ರಿ ಫ್ಯಾನು ನಿಂತಿತೆಂದರೆ ಮನೆಯವರಿಗೆಲ್ಲ ನಿದ್ದೆಯಿಲ್ಲ, ಬೆಳಿಗ್ಗೆ ಎದ್ದು ಮತ್ತೆ ಮಷೀನಿನ ಮುಂದೆ ಕೂರಬೇಕು.

ಮೋಟಾರಿನ ಕಷ್ಟವನ್ನು ಅರ್ಥ ಮಾಡಿಕೊಳ್ಳಲು ಈ ಊರಿನವರಿಗೆ ಹೊಲಿಗೆ ಯಂತ್ರಕ್ಕಿಂತ ಒಳ್ಳೆಯ ಗುರು ಬೇಕಿಲ್ಲ. ಕಾಲಿನಿಂದ ತುಳಿಯುವ ಹಳೆಯ ಮಷೀನನ್ನು ನೆನೆಸಿಕೊಳ್ಳಿ. ಪೆಡಲು ಮುಂದಕ್ಕೂ ಹಿಂದಕ್ಕೂ ಆಡುತ್ತದೆ, ಅಷ್ಟೇ. ತಾನಾಗಿ ಅದು ಸುತ್ತುವುದಿಲ್ಲ. ಹೊಲಿಗೆ ಶುರು ಮಾಡುವಾಗ ಟೈಲರು ಬಲಗೈಯಿಂದ ಮೇಲಿನ ಚಕ್ರವನ್ನು ತನ್ನ ಕಡೆಗೆ ಒಮ್ಮೆ ತಿರುಗಿಸಿ ಕೊಡಬೇಕು. ಕೊಟ್ಟ ದಿಕ್ಕಿಗೆ ಚಕ್ರ ಹೊರಡುತ್ತದೆ, ಆಮೇಲೆ ಕಾಲೇ ಸಾಕು. ಕೈ ತಪ್ಪಿ ಹಿಂದಕ್ಕೆ ತಿರುಗಿಸಿದರೆ ಅದು ಅಷ್ಟೇ ಸಲೀಸಾಗಿ ಹಿಂದಕ್ಕೆ ಓಡಿ ದಾರ ಕಿತ್ತು ಹಾಕುತ್ತದೆ. ಒಂದೇ ಕಾಯಿಲಿನ ಸಿಂಗಲ್ ಫೇಸ್ ಮೋಟಾರಿನಲ್ಲಿ ನಡೆಯುವುದೂ ಇದೇ. ನಮ್ಮ ಮನೆಗೆ ಬರುವ 230 ವೋಲ್ಟ್‌ನ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಅದು ಕಾಯಿಲಿನಲ್ಲಿ ಹರಿದಾಗ ಹುಟ್ಟುವ ಅಯಸ್ಕಾಂತ ಶಕ್ತಿ ಒಂದೇ ಗೆರೆಯ ಮೇಲೆ ಏರುತ್ತದೆ, ಇಳಿಯುತ್ತದೆ, ತಲೆಕೆಳಗಾಗುತ್ತದೆ, ಪೆಡಲಿನ ಹಾಗೆ. ಎಡಕ್ಕೂ ಬಲಕ್ಕೂ ಸೆಳೆತ ಸಮ. ರೋಟಾರು ಎತ್ತಲೂ ಹೋಗಲಾರದೆ ನಿಂತಲ್ಲೇ ನಡುಗುತ್ತದೆ. ಗುಂಯ್ ಎನ್ನುವ ಸದ್ದು ಆ ನಡುಕದ್ದು.

ಈ ಹೋಲಿಕೆಯ ಹಿಂದೆ ಚರಿತ್ರೆಯ ನಂಟೂ ಇದೆ. 1880ರ ದಶಕದಲ್ಲಿ ಅಮೆರಿಕದಲ್ಲಿ ಮೊದಲ ವಿದ್ಯುತ್ ಸೀಲಿಂಗ್ ಫ್ಯಾನು ಮಾಡಿದ ಫಿಲಿಪ್ ಡೀಲ್ ಸಿಂಗರ್ ಹೊಲಿಗೆ ಯಂತ್ರ ಕಂಪನಿಯ ತಂತ್ರಜ್ಞ. ಹೊಲಿಗೆ ಯಂತ್ರಕ್ಕೆಂದು ರೂಪಿಸಿದ ಮೋಟಾರಿಗೇ ರೆಕ್ಕೆ ಕಟ್ಟಿ ಸೂರಿಗೆ ತೂಗುಹಾಕಿದ. ಅದೇ ದಶಕದಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಗೆಲಿಲಿಯೊ ಫೆರಾರಿಸ್, ಅತ್ತ ಅಮೆರಿಕದಲ್ಲಿ ನಿಕೋಲಾ ಟೆಸ್ಲಾ, ಇಬ್ಬರೂ ಒಬ್ಬರನ್ನೊಬ್ಬರು ಅವಲಂಬಿಸದೆ ಸುತ್ತುವ ಅಯಸ್ಕಾಂತ ಕ್ಷೇತ್ರದ ದಾರಿ ಕಂಡುಕೊಂಡರು. ಫೆರಾರಿಸ್‌ನ ಪ್ರಬಂಧ ಮತ್ತು ಟೆಸ್ಲಾನ ಪೇಟೆಂಟುಗಳು 1888ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಹೊರಬಂದವು. ಅವರು ಕಂಡುಕೊಂಡದ್ದು ಇಷ್ಟು: ಎರಡು ಕಾಯಿಲುಗಳನ್ನು ಒಂದಕ್ಕೊಂದು ಸರಿಸಿ ಕೂರಿಸಿ, ಅವುಗಳಲ್ಲಿ ವಿದ್ಯುತ್ತು ಒಟ್ಟಿಗೇ ಏರದೆ ಒಂದರ ಹಿಂದೆ ಒಂದು ಏರುವಂತೆ ಮಾಡಿದರೆ, ಹುಟ್ಟುವ ಕ್ಷೇತ್ರ ಸುತ್ತುತ್ತದೆ.

ಎರಡು ಕಾಯಿಲು ಕೂರಿಸುವುದು ಕಷ್ಟವಲ್ಲ. ಬರುವುದು ಒಂದೇ ಫೇಸಾದಾಗ ಎರಡನೆಯ ಕಾಯಿಲಿನ ವಿದ್ಯುತ್ತನ್ನು ಹಿಂದುಮುಂದು ಮಾಡುವುದು ಹೇಗೆ ಎಂಬುದೇ ಪ್ರಶ್ನೆ. ಆ ಕೆಲಸ ಮಾಡುವುದು ಕಂಡೆನ್ಸರ್. 50 ಸೈಕಲ್‌ನ ವಿದ್ಯುತ್ತಿನಲ್ಲಿ ಒಂದು ಆವರ್ತನೆಗೆ ಹಿಡಿಯುವ ಕಾಲ 20 ಮಿಲಿಸೆಕೆಂಡ್. ಸ್ಟಾರ್ಟಿಂಗ್ ವೈಂಡಿಂಗ್ ಎನ್ನುವ ಎರಡನೆಯ ಕಾಯಿಲಿನ ಸಾಲಿನಲ್ಲಿ ಕಂಡೆನ್ಸರ್ ಕೂರಿಸಿದರೆ ಅದರ ವಿದ್ಯುತ್ತು ರನ್ನಿಂಗ್ ವೈಂಡಿಂಗ್ ಎನ್ನುವ ಮೊದಲ ಕಾಯಿಲಿನದಕ್ಕಿಂತ ಸುಮಾರು ಕಾಲು ಆವರ್ತನೆಯಷ್ಟು, ಎಂದರೆ 5 ಮಿಲಿಸೆಕೆಂಡ್ ಆಸುಪಾಸು, ಮುಂದಾಗಿ ಏರುತ್ತದೆ. ಟೈಲರು ಒಮ್ಮೆ ಕೈಯಿಂದ ಕೊಡುತ್ತಿದ್ದ ತಿರುವನ್ನು ಈ ಪುಟ್ಟ ಡಬ್ಬಿ ಸೆಕೆಂಡಿಗೆ 50 ಸಲ ಕೊಡುತ್ತಲೇ ಇರುತ್ತದೆ.

ಹೆಸರು ಸ್ಟಾರ್ಟಿಂಗ್ ಎಂದಿದ್ದರೂ ಫ್ಯಾನಿನಲ್ಲಿ ಆ ವೈಂಡಿಂಗು ಶುರುವಿಗೆ ಮಾತ್ರ ಇರುವುದಲ್ಲ, ಫ್ಯಾನು ತಿರುಗುವಷ್ಟು ಹೊತ್ತೂ ದುಡಿಯುತ್ತದೆ. ಬೋರ್‌ವೆಲ್ ಮೋಟಾರಿನ ಪೆಟ್ಟಿಗೆಯಲ್ಲಿರುವ ದೊಡ್ಡ ಸ್ಟಾರ್ಟ್ ಕಂಡೆನ್ಸರ್ ಬೇರೆ ಜಾತಿ. ಅದು ಮೊದಲ ಕೆಲವು ಸೆಕೆಂಡು ದುಡಿದು ಸಂಪರ್ಕದಿಂದ ಹೊರಬರಬೇಕು, ಬರದಿದ್ದರೆ ಉಬ್ಬಿ ಒಡೆಯುತ್ತದೆ. ಇವೆರಡನ್ನು ಬೆರೆಸಿಕೊಂಡವರು ಫ್ಯಾನಿಗೂ ಮೋಟಾರಿನ ಕಂಡೆನ್ಸರ್ ಆಗುತ್ತದೆಂದು ತಿಳಿಯುವುದುಂಟು. ಆಗುವುದಿಲ್ಲ.

ಸೀಲಿಂಗ್ ಫ್ಯಾನನ್ನು ಬಿಚ್ಚಿ ನೋಡಿದವರಿಗೆ ಮೊದಲು ಆಶ್ಚರ್ಯ ಹುಟ್ಟಿಸುವುದು ಅದರ ಒಳಹೊರಗು. ಬೇರೆ ಮೋಟಾರುಗಳಲ್ಲಿ ಒಳಗಿನದು ತಿರುಗಿದರೆ ಇಲ್ಲಿ ಹೊರಗಿನ ಚಿಪ್ಪೇ ತಿರುಗುತ್ತದೆ. ಕಾಯಿಲು ಸುತ್ತಿದ ಸ್ಟೇಟರ್ ರಾಡಿಗೆ ಕಚ್ಚಿಕೊಂಡ ಶಾಫ್ಟಿನ ಮೇಲೆ ಅಲುಗದೆ ಕೂತಿರುತ್ತದೆ. ಶಾಫ್ಟು ಟೊಳ್ಳು, ಅದರೊಳಗಿಂದಲೇ ತಂತಿಗಳು ಮೇಲೆ ಬರುತ್ತವೆ. 14 ಧ್ರುವಗಳ ಫ್ಯಾನಿನಲ್ಲಿ ಕ್ಷೇತ್ರ ಸುತ್ತುವ ವೇಗ ನಿಮಿಷಕ್ಕೆ ಸುಮಾರು 428 ಸುತ್ತು. ಗಾಳಿಯ ತಡೆಯಿಂದಾಗಿ ರೆಕ್ಕೆ ಅದಕ್ಕಿಂತ ಹಿಂದೆ ಬಿದ್ದು 350ರಿಂದ 380ರಲ್ಲಿ ನೆಲೆಯಾಗುತ್ತದೆ.

ಇನ್ನು ಆ ಮೂರು ತಂತಿ. ಈ ಲೇಖನಕ್ಕೆ ಹೇಳಲೇಬೇಕಾದ ಒಂದು ಮಾತಿದ್ದರೆ ಅದು ಇಲ್ಲಿದೆ. ಫ್ಯಾನಿನ ತಂತಿಯ ಬಣ್ಣ ನೋಡಿ ಜೋಡಿಸಬಾರದು. ಮನೆಯ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಎಂಬ ಕಟ್ಟುಪಾಡಿದೆ. ಫ್ಯಾನಿನ ಹೊಟ್ಟೆಯಿಂದ ಬರುವ ಕೆಂಪು, ಕಪ್ಪು, ನೀಲಿಗೆ ಅಂಥ ಒಂದೇ ಕಟ್ಟುಪಾಡಿಲ್ಲ. ಒಂದು ಕಂಪನಿಯ ಫ್ಯಾನಿನಲ್ಲಿ ಕಾಮನ್, ಎಂದರೆ ಎರಡೂ ವೈಂಡಿಂಗಿಗೆ ಸೇರಿದ ತಂತಿ, ಆಗಿರುವ ಬಣ್ಣ ಇನ್ನೊಂದರಲ್ಲಿ ಸ್ಟಾರ್ಟಿಂಗ್ ಆಗಿರಬಹುದು. ಒಮ್ಮೆ ರಿವೈಂಡ್ ಆದ ಫ್ಯಾನಿನಲ್ಲಂತೂ ಆ ದಿನ ಅಂಗಡಿಯಲ್ಲಿ ಯಾವ ತಂತಿಯಿತ್ತೋ ಅದೇ ಬಣ್ಣ. "ಕಪ್ಪು ಯಾವಾಗಲೂ ಕಾಮನ್" ಎಂದು ಕಲಿತು ಬಂದವರು ಹತ್ತು ಫ್ಯಾನು ಸರಿಯಾಗಿ ಜೋಡಿಸಿ ಹನ್ನೊಂದನೆಯದನ್ನು ಸುಡುತ್ತಾರೆ.

ನಂಬಬೇಕಾದ್ದು ಮೀಟರನ್ನು. ಬಿಚ್ಚಿದ ಫ್ಯಾನು ಮೇಜಿನ ಮೇಲಿದೆ ಎನ್ನೋಣ. ಕಂಡೆನ್ಸರ್ ಕಳಚಿಟ್ಟಿದೆ, ತಂತಿಗಳ ತುದಿ ಕೆರೆದು ಬೆಳಗಿಸಿದೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡು ತಂತಿ ಹಿಡಿದು ಮೂರು ಸಲ ಅಳೆಯಬೇಕು. ಲೆಕ್ಕಕ್ಕೆಂದು ಕೆಂಪು–ಕಪ್ಪಿಗೆ 350, ಕೆಂಪು–ನೀಲಿಗೆ 200, ನೀಲಿ–ಕಪ್ಪಿಗೆ 150 ಓಮ್ ಬಂತು ಎಂದಿಟ್ಟುಕೊಳ್ಳಿ. ಅತಿ ಹೆಚ್ಚು ತೋರಿಸಿದ ಜೋಡಿಯಲ್ಲಿ ಎರಡು ವೈಂಡಿಂಗೂ ಸಾಲಾಗಿ ಸೇರಿವೆ. ಹಾಗಾಗಿ ಆ ಜೋಡಿಯಲ್ಲಿ ಇಲ್ಲದ ತಂತಿ, ಇಲ್ಲಿ ನೀಲಿ, ಕಾಮನ್. ಕಾಮನ್‌ನಿಂದ ಕಡಿಮೆ ತೋರಿಸಿದ ಕಪ್ಪು ಸಾಮಾನ್ಯವಾಗಿ ರನ್ನಿಂಗ್, ಹೆಚ್ಚು ತೋರಿಸಿದ ಕೆಂಪು ಸ್ಟಾರ್ಟಿಂಗ್. ಚಿಕ್ಕವೆರಡನ್ನು ಕೂಡಿಸಿದರೆ ದೊಡ್ಡದು ಬರಬೇಕು. 150ಕ್ಕೆ 200 ಸೇರಿದರೆ 350, ಸರಿಯಿದೆ. ಒಂದು ಜೋಡಿ ಏನೂ ತೋರಿಸದಿದ್ದರೆ ಎಲ್ಲೋ ತಂತಿ ಕಡಿದಿದೆ. ಯಾವುದೇ ತಂತಿಗೂ ಫ್ಯಾನಿನ ಲೋಹದ ಮೈಗೂ ಸಂಪರ್ಕ ಕಂಡರೆ ಅದು ಬಾಡಿ ಶಾರ್ಟ್, ಆ ಫ್ಯಾನಿಗೆ ಕರೆಂಟು ಕೊಡಲೇಬಾರದು.

ಕೆಲವು ಫ್ಯಾನುಗಳಲ್ಲಿ ಎರಡೂ ವೈಂಡಿಂಗಿನ ಓಮ್ ಹೆಚ್ಚುಕಡಿಮೆ ಸಮವಾಗಿರುತ್ತದೆ. ಅಲ್ಲಿ ಮೀಟರು ಕಾಮನ್ ಯಾವುದೆಂದು ಹೇಳುತ್ತದೆ, ಉಳಿದೆರಡರ ಗುರುತು ಹೇಳುವುದಿಲ್ಲ. ಆಗ ತಿರುಗಿಸಿಯೇ ನೋಡಬೇಕು.

ಗುರುತು ಸಿಕ್ಕ ಮೇಲೆ ಜೋಡಣೆ ನಿಮಿಷದ ಕೆಲಸ. ಕಾಮನ್ ನ್ಯೂಟ್ರಲಿಗೆ. ರನ್ನಿಂಗ್ ತಂತಿ ಸ್ವಿಚ್ಚು, ರೆಗ್ಯುಲೇಟರ್ ಹಾಯ್ದು ಬಂದ ಫೇಸಿಗೆ. ಕಂಡೆನ್ಸರಿನ ಒಂದು ಕಾಲು ಅದೇ ರನ್ನಿಂಗ್ ತಂತಿಗೆ, ಇನ್ನೊಂದು ಸ್ಟಾರ್ಟಿಂಗ್ ತಂತಿಗೆ. ಫ್ಯಾನಿನ ಕಂಡೆನ್ಸರಿಗೆ ಪ್ಲಸ್, ಮೈನಸ್ ಎಂಬುದಿಲ್ಲ, ಯಾವ ಕಾಲು ಎಲ್ಲಿಗೆ ಕೊಟ್ಟರೂ ಸರಿ. ಹಸಿರು ತಂತಿಯಿದ್ದರೆ ಅರ್ತಿಗೆ. ಫೇಸನ್ನು ತಪ್ಪಿ ಸ್ಟಾರ್ಟಿಂಗ್ ಕಡೆಗೆ ಕೊಟ್ಟರೆ ಎರಡು ವೈಂಡಿಂಗುಗಳ ಪಾತ್ರ ಅದಲುಬದಲಾಗಿ ಫ್ಯಾನು ಹಿಂದಕ್ಕೆ ತಿರುಗುತ್ತದೆ. ನಮ್ಮ ಸೀಲಿಂಗ್ ಫ್ಯಾನುಗಳು ಕೆಳಗಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಬೇಕು. ಜೋರಾಗಿ ತಿರುಗುತ್ತಿದ್ದರೂ ಗಾಳಿ ಕೆಳಗೆ ಬರುತ್ತಿಲ್ಲ ಎಂಬ ದೂರು, ರಿಪೇರಿಯಾದ ಮಾರನೇ ದಿನ ಬಂದರೆ, ಬಹುತೇಕ ಈ ಅದಲುಬದಲಿನದೇ. ಅದಕ್ಕಿಂತ ಅಪಾಯದ ತಪ್ಪು ಸ್ವಿಚ್ಚನ್ನು ನ್ಯೂಟ್ರಲ್ ಕಡೆಗೆ ಹಾಕಿರುವುದು. ಸ್ವಿಚ್ ಆಫ್ ಇದೆಯೆಂದು ಸ್ಟೂಲು ಹತ್ತಿದವರ ಕೈಗೆ ಫೇಸು ಕಾದಿರುತ್ತದೆ. ಹಾಗಾಗಿ ಸ್ವಿಚ್ಚು ಸಾಲದು, ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿಯೇ ಜೋಡಣೆ ಮುಚ್ಚುವ ಕಪ್ ಸರಿಸಬೇಕು. ಮನೆಯ ವೈರಿಂಗ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ವೈರ್‌ಮನ್ ಬೇಕೆಂಬ ನಿಯಮ ಇಂಥ ಕಾರಣಗಳಿಗಾಗಿಯೇ ಇರುವುದು.

ಕಂಡೆನ್ಸರ್ ಎಷ್ಟರದ್ದು ಎಂಬುದು ಜಗಳದ ವಿಷಯ. ಹಳೆಯ ಸೀಲಿಂಗ್ ಫ್ಯಾನುಗಳಲ್ಲಿ 2.5 ಮೈಕ್ರೋಫ್ಯಾರಡ್ ಸಾಮಾನ್ಯ, ಈಚಿನ ಅನೇಕದರಲ್ಲಿ 3.15. ಹಳೆಯ ಫ್ಯಾನು ನಿಧಾನವಾಯಿತೆಂದರೆ 2.5ರ ಜಾಗಕ್ಕೆ 3.15 ಹಾಕಿ ಕಳಿಸುವ ರೂಢಿ ಊರೆಲ್ಲ ಇದೆ. ಗಿರಾಕಿಗೆ ಅಂದಿಗೆ ಸಂತೋಷ, ಫ್ಯಾನು ಚುರುಕಾಗುತ್ತದೆ. ಆದರೆ ಆ ಚುರುಕಿಗೆ ಸ್ಟಾರ್ಟಿಂಗ್ ವೈಂಡಿಂಗಿನಲ್ಲಿ ಹರಿಯುವ ಹೆಚ್ಚಿನ ವಿದ್ಯುತ್ತೇ ಕಾರಣ. ಕೂದಲಿನಷ್ಟು ತೆಳ್ಳಗಿನ ಆ ತಂತಿಯ ವಾರ್ನಿಷ್ ಬೇಸಿಗೆಯ ರಾತ್ರಿಗಳಲ್ಲಿ ನಿಧಾನವಾಗಿ ಬೇಯುತ್ತದೆ. 4ರದ್ದು ಹಾಕಿದರೆ ಬೇಗನೆ ಬೇಯುತ್ತದೆ. ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿದ ಅಗ್ಗದ ಫ್ಯಾನಾದರೆ ತಡೆಯುವ ಶಕ್ತಿ ಇನ್ನೂ ಕಡಿಮೆ. 3.15ಕ್ಕೆಂದೇ ಸುತ್ತಿದ ಫ್ಯಾನಿಗೆ 3.15, 2.5ಕ್ಕೆಂದು ಸುತ್ತಿದ್ದಕ್ಕೆ 2.5. ಹಳೆಯ ಕಂಡೆನ್ಸರಿನ ಮೇಲೆ ಅಚ್ಚಾದ ಅಂಕಿ ಓದಲು ಸಿಗುವಾಗ ಊಹೆ ಮಾಡುವ ಅಗತ್ಯವೇ ಇಲ್ಲ.

ಫ್ಯಾನು ನಿಧಾನವಾಗಲು ಕಾರಣ ಬೇರೆಯೂ ಇರಬಹುದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದಲ್ಲಿ 180 ಬಂದರೆ ಬಲ ಶೇ. 61ಕ್ಕೆ ಇಳಿಯುತ್ತದೆ. ವಠಾರದ ಹತ್ತು ಮನೆಗೆ ಒಂದೇ ಸಣ್ಣ ತಂತಿ ಎಳೆದಿರುವ ಕಡೆ ಸಂಜೆ ಹೊತ್ತು ಎಲ್ಲ ಫ್ಯಾನೂ ಒಟ್ಟಿಗೇ ಸೊರಗುವುದು ಹೀಗೆ. ಬೇರಿಂಗ್ ಹಿಡಿದಿದ್ದರೂ ಅಷ್ಟೇ. ಕರೆಂಟಿಲ್ಲದಾಗ ಕೈಯಿಂದ ತಿರುಗಿಸಿ ಬಿಟ್ಟರೆ ಒಳ್ಳೆಯ ಫ್ಯಾನು ನಾಲ್ಕಾರು ಸುತ್ತು ತಾನೇ ಸುತ್ತಬೇಕು, ಗಕ್ಕನೆ ನಿಂತರೆ ತಪ್ಪು ಕಂಡೆನ್ಸರಿನದಲ್ಲ.

ಕಂಡೆನ್ಸರಿನ ಮೈಮೇಲೆ 440 ವೋಲ್ಟ್ ಎಂದಿರುವುದನ್ನು ಕಂಡು ಮನೆಗೆ 230 ತಾನೇ ಬರುವುದು ಎಂದು ಕೇಳುವವರಿದ್ದಾರೆ. ಕಾಯಿಲು ಮತ್ತು ಕಂಡೆನ್ಸರ್ ಸಾಲಾಗಿ ಕೂತಾಗ ಕಂಡೆನ್ಸರಿನ ಎರಡು ತುದಿಗಳ ನಡುವೆ ಸರಬರಾಜಿಗಿಂತ ಹೆಚ್ಚು ವೋಲ್ಟೇಜು ನಿಲ್ಲುತ್ತದೆ. 250 ವೋಲ್ಟಿನದನ್ನು ಹಾಕಿದರೆ ಬಹುದಿನ ಬಾಳದು. ಒಳಗಿರುವುದು ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳುಹಾಳೆ, ಅದರ ಮೇಲೆ ಇನ್ನೂ ತೆಳುವಾಗಿ ಲೇಪಿಸಿದ ಲೋಹ, ಸುರುಳಿ ಸುತ್ತಿ ತುಂಬಿದ್ದು. ವೋಲ್ಟೇಜಿನ ಏಟಿಗೆ ಹಾಳೆಯಲ್ಲಿ ಎಲ್ಲೋ ತೂತು ಬಿದ್ದರೆ ಅದರ ಸುತ್ತಲಿನ ಲೋಹ ಆವಿಯಾಗಿ ಆ ಜಾಗ ತಾನೇ ಬೇರ್ಪಡುತ್ತದೆ, ಗಾಯ ಮಾಯುತ್ತದೆ. ಆದರೆ ಪ್ರತಿ ಗಾಯಕ್ಕೂ ಒಂದಿಷ್ಟು ಲೋಹ ಹೋಯಿತು. ಹೀಗೆ ವರ್ಷಗಟ್ಟಲೆ ಮಾಯುತ್ತ ಮಾಯುತ್ತ 2.5ರದ್ದು 2ಕ್ಕೆ, 1.5ಕ್ಕೆ ಇಳಿಯುತ್ತದೆ. ಫ್ಯಾನು ಒಂದೇ ದಿನದಲ್ಲಿ ಸೋಲದೆ ತಿಂಗಳುಗಟ್ಟಲೆ ನಿಧಾನವಾಗುತ್ತ ಬರುವುದರ ಹಿಂದಿನ ಕಥೆ ಇದು.

ಆಯಸ್ಸಿನ ಲೆಕ್ಕವೂ ಡಬ್ಬಿಯ ಮೇಲೇ ಇರುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎ ದರ್ಜೆಗೆ 30,000 ಗಂಟೆ, ಬಿ ದರ್ಜೆಗೆ 10,000, ಸಿ ದರ್ಜೆಗೆ 3,000. ದಿನಕ್ಕೆ 15 ಗಂಟೆ ಓಡುವ ಫ್ಯಾನು ವರ್ಷಕ್ಕೆ 5,475 ಗಂಟೆ ಓಡುತ್ತದೆ. ಡಬ್ಬಿಯ ಮೇಲಿನ ಪೂರ್ತಿ ವೋಲ್ಟೇಜು ಬೀಳದಿರುವುದರಿಂದ ಕಂಡೆನ್ಸರ್ ಈ ಲೆಕ್ಕಕ್ಕಿಂತ ಹೆಚ್ಚು ಬಾಳಬಹುದು. ಆದರೆ ಶೀಟಿನ ಅಡಿಯ ಸೆಕೆಗೆ, ಕಪ್ಪಿನೊಳಗಿನ ಉಸಿರುಗಟ್ಟಿದ ಬಿಸಿಗೆ ಆ ಲಾಭ ಕರಗಿಹೋಗುತ್ತದೆ.

ಹಳೆಯ ಕೈಗಳು ಕಂಡೆನ್ಸರನ್ನು ಕರೆಂಟಿಗೆ ತಾಗಿಸಿ, ಎರಡು ಕಾಲು ಕೂಡಿಸಿ ಕಿಡಿ ಹಾರಿಸಿ ನೋಡುತ್ತವೆ. ಫಟ್ ಎಂದರೆ ಒಳ್ಳೆಯದೆಂದು ತೀರ್ಮಾನ. ಕೈಗೂ ಕಣ್ಣಿಗೂ ಅಪಾಯವೆಂಬುದು ಒಂದು ಕಡೆಗಿರಲಿ, ಅರ್ಧ ಸತ್ತ ಕಂಡೆನ್ಸರೂ ಫಟ್ ಎನ್ನುತ್ತದೆ. ಕಿಡಿಗೆ 2.5 ಯಾವುದು, 1.5 ಯಾವುದು ಎಂಬ ಭೇದವಿಲ್ಲ. ಮೈಕ್ರೋಫ್ಯಾರಡ್ ತೋರಿಸುವ ಮೀಟರು ಈಗ ಎಸ್.ಪಿ. ರಸ್ತೆಯಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತದೆ. ಫ್ಯಾನು ರಿಪೇರಿಯನ್ನೇ ನಂಬಿದವರು ಮೊದಲು ಕೊಳ್ಳಬೇಕಾದ ಸಾಮಾನು ಅದು.

ಟೇಬಲ್ ಫ್ಯಾನಿನಲ್ಲಿ ತತ್ವ ಇದೇ, ಧ್ರುವಗಳು ನಾಲ್ಕು. ವೇಗ ಬದಲಿಸಲು ವೈಂಡಿಂಗಿನ ನಡುವೆಯೇ ಕವಲು ತೆಗೆದಿರುವುದರಿಂದ ತಂತಿಗಳು ಐದಾರು. ಸೀಲಿಂಗ್ ಫ್ಯಾನಿನ ವೇಗ ತಗ್ಗಿಸಲು ಹಿಂದೆ ಗೋಡೆಯ ಮೇಲೆ ದೊಡ್ಡ ರೆಗ್ಯುಲೇಟರ್ ಪೆಟ್ಟಿಗೆ ಇರುತ್ತಿತ್ತು. ಒಳಗಿನ ರೆಸಿಸ್ಟೆನ್ಸ್ ತಂತಿ ಉಳಿದ ವಿದ್ಯುತ್ತನ್ನು ಬಿಸಿಯಾಗಿ ಚೆಲ್ಲುತ್ತಿತ್ತು, ಫ್ಯಾನು ನಿಧಾನ ಮಾಡಿದರೂ ಬಿಲ್ಲು ಅಷ್ಟಾಗಿ ಇಳಿಯುತ್ತಿರಲಿಲ್ಲ. ಈಗ ಸ್ವಿಚ್ ಬೋರ್ಡಿನಲ್ಲೇ ಕೂರುವ ಸ್ಟೆಪ್ ರೆಗ್ಯುಲೇಟರಿನೊಳಗೆ ಇರುವುದೂ ಕಂಡೆನ್ಸರುಗಳೇ. ಒಂದರಲ್ಲಿ ಮಾತ್ರ ಓಡದೆ ಉಳಿದ ನಂಬರಿನಲ್ಲಿ ಫ್ಯಾನು ಓಡಿದರೆ ಮೇಲೆ ಹತ್ತಬೇಕಿಲ್ಲ, ತೊಂದರೆ ಗೋಡೆಯಲ್ಲಿದೆ.

ಈಗ ಈ ಇಡೀ ವ್ಯವಸ್ಥೆಯನ್ನೇ ಬದಿಗೆ ಸರಿಸುವ ಬಿಎಲ್‌ಡಿಸಿ ಫ್ಯಾನು ಬಂದಿದೆ. ಅದರ ರೋಟಾರಿನಲ್ಲಿ ಶಾಶ್ವತ ಅಯಸ್ಕಾಂತ, ಸುತ್ತುವ ಕ್ಷೇತ್ರ ಹುಟ್ಟಿಸುವ ಕೆಲಸ ಒಂದು ಎಲೆಕ್ಟ್ರಾನಿಕ್ ಬೋರ್ಡಿನದು. ಹಳೆಯ ಫ್ಯಾನು 75 ವ್ಯಾಟ್ ತಿಂದರೆ ಇದಕ್ಕೆ 28ರಿಂದ 35 ಸಾಕು. ದಿನಕ್ಕೆ 15 ಗಂಟೆಯಂತೆ ತಿಂಗಳಿಗೆ ಹಳೆಯದು ಸುಮಾರು 34 ಯೂನಿಟ್, 28 ವ್ಯಾಟಿನದು 13ಕ್ಕೂ ಕಡಿಮೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾದ ಮೇಲೆ ಕಂಡೆನ್ಸರ್ ಫ್ಯಾನುಗಳೂ 50 ವ್ಯಾಟಿನ ಆಸುಪಾಸಿಗೆ ಇಳಿಯಬೇಕಾಯಿತು. ಗಾರ್ಮೆಂಟ್ಸ್ ಕಾರ್ಖಾನೆಗಳು ಇದನ್ನು ಮೊದಲೇ ಕಂಡಿವೆ. ಹೊಲಿಯದಿದ್ದಾಗಲೂ ಸುಮ್ಮನೆ ಓಡುತ್ತಿದ್ದ ಕ್ಲಚ್ ಮೋಟಾರುಗಳ ಜಾಗಕ್ಕೆ ತುಳಿದಾಗ ಮಾತ್ರ ಓಡುವ ಸರ್ವೋ ಮೋಟಾರುಗಳು ಬಂದದ್ದು ಇದೇ ಲೆಕ್ಕಾಚಾರದಿಂದ.

ವಠಾರದ ಲೆಕ್ಕ ಮಾತ್ರ ಬೇರೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮಿತಿಯೊಳಗೆ ಬಳಸುವ ಮನೆಗೆ ಬೆಸ್ಕಾಂ ಬಿಲ್ಲು ಸೊನ್ನೆ, ಉಳಿಸಿದ 20 ಯೂನಿಟ್ಟಿನ ಹಣ ಕೈಗೆ ಕಾಣದು. ಬಿಎಲ್‌ಡಿಸಿ ಫ್ಯಾನಿನ ಬೋರ್ಡು ಹೋದರೆ ರಸ್ತೆ ಬದಿಯ ಅಂಗಡಿಯಲ್ಲಿ ಅದಕ್ಕೆ ಬದಲಿ ಸಿಗುವುದು ಅಪರೂಪ, ಕಂಪನಿಯ ಸರ್ವಿಸಿಗೆ ಕಾಯಬೇಕು. ಕಂಡೆನ್ಸರಾದರೆ ನೂರು ರೂಪಾಯಿಯೊಳಗೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹೊಸ ಮನೆ ಕಟ್ಟುವವರು ಬಿಎಲ್‌ಡಿಸಿಯನ್ನೇ ಹಾಕಿಸಲಿ. ತಾಮ್ರದ ವೈಂಡಿಂಗು ಗಟ್ಟಿಯಾಗಿರುವ ಹಳೆಯ ಫ್ಯಾನನ್ನು ಕಂಡೆನ್ಸರಿನ ಕಾರಣಕ್ಕೆ ಗುಜರಿಗೆ ಹಾಕುವುದು ಮಾತ್ರ ತಪ್ಪು. ಅಂದ ಹಾಗೆ ಬಿಎಲ್‌ಡಿಸಿಯ ಬೋರ್ಡಿನಲ್ಲೂ ಕಂಡೆನ್ಸರ್ ಇದ್ದೇ ಇದೆ, ಡಿಸಿಯನ್ನು ಸಮಗೊಳಿಸುವ ಬೇರೆ ಕೆಲಸಕ್ಕೆ.

ಅಂಗಡಿಯ ಮುಂದೆ ಸಂಜೆಯ ಫ್ಯಾನಿನ ಸರದಿ ಬಂದಿರುತ್ತದೆ. ಕಳಚಿದ ಕಂಡೆನ್ಸರಿನ ಮೇಲೆ 2.5 ಎಂದಿದೆ, ಮೀಟರಿನಲ್ಲಿ 0.9. ಮೂರು ತಂತಿ ಅಳೆದು, ಹೊಸ 2.5 ಕೂರಿಸಿ, ಸ್ಲೀವ್ ಎಳೆದು, ಫ್ಯಾನನ್ನು ರೆಕ್ಕೆಯಿಲ್ಲದೆ ಕಂಬಿಯ ಹುಕ್ಕಿಗೆ ತೂಗುಹಾಕಿ ಮೆಕ್ಯಾನಿಕ್ ಸ್ವಿಚ್ ಹಾಕುತ್ತಾನೆ. ಚಿಪ್ಪು ಎಡವದೆ ಹೊರಡುತ್ತದೆ. ತಿರುಗುವ ದಿಕ್ಕನ್ನು ಕೆಳಗಿನಿಂದ ಬಗ್ಗಿ ನೋಡಿ, ಆಫ್ ಮಾಡಿ, ನಿಂತ ಮೇಲೆ ಮತ್ತೊಮ್ಮೆ ಆನ್ ಮಾಡುತ್ತಾನೆ. ಆಮೇಲೆ ಹಳೆಯ ಕಂಡೆನ್ಸರನ್ನು ಅಕ್ಕನ ಕೈಗೆ ಕೊಡುತ್ತಾನೆ, ಮುಂದಿನ ಸಲ ಯಾವುದು ಬೇಕೆಂದು ತೋರಿಸಲು.